ಬಂಧವೆಂಬ ಅತಿಚಾರವೂ ಮಿದುಳಿನ ವಿದ್ಯುತ್ತೂ

ಕಳೆದ ಸಂಕ್ರಮಣದ ಜಾತ್ರೆ ಮುಗಿದ ವಾರದಲ್ಲಿಯೇ ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರವಿರುವ ನಮ್ಮ ಅಂಗಡಿಯ ಮಾಳಿಗೆಯ ಮೇಲೆ ಸಮಾಜದ ಏಳೆಂಟು ಜನ ಹಿರಿಯರು ಕೂಡಿದ್ದರು. ಒಂದು ವಸತಿ ಅಭ್ಯಾಸಕೇಂದ್ರಕ್ಕೆ ಬಸದಿಯ ಟ್ರಸ್ಟಿನ ವಿದ್ಯಾನಿಧಿಯಿಂದ ದೇಣಿಗೆ ಕೊಡಬೇಕೆಂಬ ಠರಾವು ನಮ್ಮ ಮುಂದಿತ್ತು. ಕೇಂದ್ರದ ಚಾಲಕರು ತಮ್ಮ ದಿನಚರಿಯನ್ನು ಅಭಿಮಾನದಿಂದ ಓದಿದರು. ಬೆಳಗಿನ ನಾಲ್ಕೂವರೆಗೆ ಏಳುವುದು, ರಾತ್ರಿ ಹನ್ನೊಂದರವರೆಗೆ ಕುಳಿತಿರುವುದು, ಪ್ರತಿದಿನ ಪರೀಕ್ಷೆ, ಅಂಕ ಇಳಿದವರ ಹೆಸರು ಊಟದ ಮನೆಯ ಫಲಕದ ಮೇಲೆ, ತಿಂಗಳಿಗೊಂದು ಸಲ ಮಾತ್ರ ಮನೆಗೆ ಫೋನು. ಕೊನೆಗೆ ಅವರು ಆಡಿದ ಮಾತು ಇದು: ‘ಭಯವಿದ್ದಲ್ಲಿ ನೆನಪು ಗಟ್ಟಿಯಾಗುತ್ತದೆ, ಇದನ್ನು ಈಗ ವಿಜ್ಞಾನವೇ ಒಪ್ಪಿದೆ.’ ಕೂತವರೆಲ್ಲ ತಲೆದೂಗಿದರು. ದಂಡಂ ದಶಗುಣಂ ಎಂದು ಬಾಲ್ಯದಿಂದಲೂ ಕೇಳಿದ ಕಿವಿಗಳಿಗೆ ಅದು ಹೊಸ ಮಾತೂ ಆಗಿರಲಿಲ್ಲ. ನಾನು ತಲೆದೂಗಲಿಲ್ಲ. ಏಕೆಂದು ಅಂದು ವಿವರಿಸಲು ಸಮಯ ದೊರೆಯದ್ದರಿಂದ ಈ ಲೇಖನ.

ನಾನು ವೈದ್ಯನಲ್ಲ. ವಾಣಿಜ್ಯದ ಪದವಿ ಪಡೆದು ನಲವತ್ತು ವರ್ಷ ಗಲ್ಲೆಯ ಮೇಲೆ ಕುಳಿತವನು. ಆದರೆ ‘ವಿಜ್ಞಾನವೇ ಒಪ್ಪಿದೆ’ ಎಂದು ಯಾರಾದರೂ ಹೇಳಿದಾಗ, ಯಾವ ವಿಜ್ಞಾನ, ಎಲ್ಲಿ ಒಪ್ಪಿತು, ಯಾರನ್ನು ನೋಯಿಸಿ ಒಪ್ಪಿತು ಎಂದು ಕೇಳುವ ಹಕ್ಕು ಲೆಕ್ಕ ಬರೆಯುವವನಿಗೂ ಉಂಟು. ಆ ಮೂರೂ ಪ್ರಶ್ನೆಗಳಿಗೆ ಉತ್ತರವಿದೆ. ಅದರ ಒಂದು ಭಾಗ ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಮಿದುಳಿನ ಎರಡೂ ಪಾರ್ಶ್ವಗಳಲ್ಲಿ, ಕಿವಿಯ ಮಟ್ಟದಲ್ಲಿ ಒಳಗೆ, ಕಡಲ್ಗುದುರೆಯಂತೆ ಬಾಗಿದ ಒಂದು ಅಂಗವಿದೆ. ಆ ಆಕಾರದಿಂದಲೇ ಅದಕ್ಕೆ ಹಿಪ್ಪೊಕ್ಯಾಂಪಸ್ ಎಂಬ ಹೆಸರು ಬಂದಿತು. ಅದರ ಕೆಲಸ ಏನೆಂಬುದು ಜಗತ್ತಿಗೆ ಸ್ಪಷ್ಟವಾದದ್ದು ಒಂದು ದುರಂತದಿಂದ. 1953ರಲ್ಲಿ ಅಮೇರಿಕದ ಶಸ್ತ್ರವೈದ್ಯ ಸ್ಕೊವಿಲ್ ಎಂಬವರು, ಮೂರ್ಛೆರೋಗದಿಂದ ಬಳಲುತ್ತಿದ್ದ 27 ವರ್ಷದ ಹೆನ್ರಿ ಮೊಲೈಸನ್ ಎಂಬ ತರುಣನ ಮಿದುಳಿನಿಂದ ಈ ಭಾಗದ ಬಹುಪಾಲನ್ನು ಎರಡೂ ಕಡೆಯಿಂದ ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು. ಆದರೆ 2008ರಲ್ಲಿ ತೀರಿಕೊಳ್ಳುವವರೆಗೂ ಆತ ಹೊಸದೊಂದು ಘಟನೆಯನ್ನು ನೆನಪಿನಲ್ಲಿ ಉಳಿಸಿಕೊಳ್ಳಲಾರದವನಾದ. ಬಾಲ್ಯದ ನೆನಪುಗಳು ಬಹುಮಟ್ಟಿಗೆ ಇದ್ದವು. ಅರ್ಧಗಂಟೆ ಹಿಂದೆ ಮಾತನಾಡಿಸಿ ಹೋದವರು ಮಾತ್ರ ಪ್ರತಿ ಸಲ ಅಪರಿಚಿತರು. ವ್ಯಾಪಾರಸ್ಥರಿಗೆ ಇದು ಬೇಗ ತಿಳಿಯುತ್ತದೆ. ದಿನದ ವ್ಯವಹಾರ ಮೊದಲು ಕೀರ್ದಿಗೆ ಬೀಳುತ್ತದೆ, ಅನಂತರ ಖತಾವಣಿಗೆ ಹೋಗುತ್ತದೆ. ಮೊಲೈಸನ್‌ನ ಹಳೆಯ ಖತಾವಣಿ ಉಳಿದಿತ್ತು, ಕೀರ್ದಿ ಕಳೆದುಹೋಗಿತ್ತು.

ಈ ಕೀರ್ದಿಯನ್ನು ಬರೆಯುವ ಶಾಯಿ ವಿದ್ಯುತ್ತು. ವಿಶ್ರಾಂತಿಯಲ್ಲಿರುವ ನರಕೋಶದ ಒಳಮೈ ಹೊರಮೈಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಸೋಡಿಯಂ ಕಣಗಳು ಒಳನುಗ್ಗಿದಾಗ ಅದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಕಾಲ ಧನವಾಗಿ ಮತ್ತೆ ಇಳಿಯುತ್ತದೆ, ಇದೇ ಮಿಡಿತ. ಎರಡು ಕೋಶಗಳು ಪದೇ ಪದೇ ಕೂಡಿ ಮಿಡಿದರೆ ಅವುಗಳ ನಡುವಣ ಸಂಧಿ ಬಲಗೊಂಡು ಹಾಗೆಯೇ ಉಳಿಯುತ್ತದೆ. ಇದನ್ನು ಬ್ಲಿಸ್ ಮತ್ತು ಲೋಮೊ ಎಂಬವರು 1973ರಲ್ಲಿ ಮೊಲಗಳ ಹಿಪ್ಪೊಕ್ಯಾಂಪಸ್ಸಿನಲ್ಲಿ ಮೊದಲು ವಿವರವಾಗಿ ತೋರಿಸಿದರು. ಕಲಿಕೆಯ ಮೂಲ ಇಲ್ಲಿದೆಯೆಂದು ಇಂದು ಹೆಚ್ಚಿನ ವಿದ್ವಾಂಸರು ಭಾವಿಸುತ್ತಾರೆ.

ಇನ್ನು ಭಯದ ಮಾತು. ಭಯ ಹುಟ್ಟಿದಾಗ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಕಾರ್ಟಿಸಾಲ್ ಎಂಬ ರಸವನ್ನು ಸುರಿಯುತ್ತವೆ. ಇಲಿಯಲ್ಲಿ ಅದರ ಹೆಸರು ಕಾರ್ಟಿಕೊಸ್ಟೆರಾನ್. ಈ ರಸ ಮಿದುಳಿನಲ್ಲಿ ವಿಶೇಷವಾಗಿ ಹಿಪ್ಪೊಕ್ಯಾಂಪಸ್ಸಿಗೆ ಹೋಗಿ ಅಂಟಿಕೊಳ್ಳುತ್ತದೆ ಎಂಬುದನ್ನು 1968ರಲ್ಲಿ ಬ್ರೂಸ್ ಮೆಕ್‌ಈವನ್ ಮತ್ತು ಸಂಗಡಿಗರು ಕಂಡುಕೊಂಡರು. 1985ರ ಹೊತ್ತಿಗೆ ಹಾಲೆಂಡಿನ ರಾಯಲ್ ಮತ್ತು ಡಿ ಕ್ಲೂಟ್ ಅವರು ಅಲ್ಲಿ ಇದಕ್ಕೆ ಒಂದಲ್ಲ, ಎರಡು ಗ್ರಾಹಕಗಳಿವೆ ಎಂದು ತೋರಿಸಿದರು. ಮೊದಲನೆಯದು ಅತ್ಯಲ್ಪ ರಸವನ್ನೂ ಹಿಡಿದುಕೊಳ್ಳುತ್ತದೆ. ಎರಡನೆಯದು ಮೊದಲನೆಯದು ಬಹುಮಟ್ಟಿಗೆ ತುಂಬಿದ ಮೇಲೆ, ಅಂದರೆ ರಸ ಏರಿದಾಗ ಮಾತ್ರ, ತುಂಬುತ್ತದೆ. ಈ ಎರಡು ಬಾಗಿಲುಗಳ ಹಿಂದೆ ನಡೆಯುವ ವಿದ್ಯುತ್ ವ್ಯವಹಾರ ಒಂದಕ್ಕೊಂದು ವಿರುದ್ಧವಾದದ್ದು. ಮೊದಲನೆಯದೊಂದೇ ತುಂಬಿದ್ದಾಗ ಕೋಶ ಚುರುಕಾಗಿ ಮಿಡಿಯುತ್ತದೆ, ಸಂಧಿಗಳು ಸುಲಭವಾಗಿ ಬಲಗೊಳ್ಳುತ್ತವೆ. ಎರಡನೆಯದೂ ತುಂಬಿತೆಂದರೆ, ಒಂದೆರಡು ಗಂಟೆಗಳೊಳಗೆ, ಕೋಶಕ್ಕೆ ಕ್ಯಾಲ್ಸಿಯಂ ಹೆಚ್ಚು ನುಗ್ಗುತ್ತದೆ. ಅದರ ಬೆನ್ನಿಗೇ ಪೊಟ್ಯಾಸಿಯಂ ಹೊರಹರಿದು, ಪ್ರತಿ ಮಿಡಿತದ ಸರಣಿಯ ನಂತರ ಬೀಳುವ ತಡೆ ದೀರ್ಘವಾಗುತ್ತದೆ. ಕೋಶ ನಾಲ್ಕು ಸಲ ಮಿಡಿದು ಸುಮ್ಮನಾಗುತ್ತದೆ. ಮರಿಯನ್ ಯೂಲ್ಸ್ ಮತ್ತು ಡಿ ಕ್ಲೂಟ್ 1989ರಲ್ಲಿ ಇಲಿಯ ಮಿದುಳಿನ ತೆಳು ಹೋಳುಗಳಲ್ಲಿ ಇದನ್ನು ಅಳೆದರು. ರಸ ಏರಿದ ಮೊದಲ ಕೆಲವು ನಿಮಿಷಗಳಲ್ಲಿ ಮಾತ್ರ ಉದ್ರೇಕ ಹೆಚ್ಚುತ್ತದೆಂದು ಮುಂದೆ ತಿಳಿದುಬಂತು. ಚಾಲಕರ ‘ವಿಜ್ಞಾನ’ ಆ ನಿಮಿಷಗಳದ್ದು. ಅವರ ದಿನಚರಿಯೋ ವರ್ಷವಿಡೀ ನಡೆಯುವಂಥದು.

ವರ್ಷವಿಡೀ ಎಂದೆ, ಹತ್ತು ದಿನ ಸಾಕು. 2002ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಮುಂದೆ ನಿಮ್ಹಾನ್ಸಿನಲ್ಲಿ ಇದೇ ವಿಷಯದ ಮೇಲೆ ದುಡಿದ ಶಂಕರನಾರಾಯಣ ರಾವ್ ಅವರೂ ಅದರ ಲೇಖಕರಲ್ಲೊಬ್ಬರು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಿಟ್ಟರು. ಹೊಡೆಯಲಿಲ್ಲ. ಬರಿದೆ ಬಂಧಿಸಿಟ್ಟರು. ಹಿಪ್ಪೊಕ್ಯಾಂಪಸ್ಸಿನ ಒಂದು ಭಾಗದ ನರಕೋಶಗಳ ಕವಲುಗಳು ಮೊಟಕಾಗಿದ್ದವು. ಅದೇ ಇಲಿಗಳಲ್ಲಿ, ಭಯದ ಕೇಂದ್ರವಾದ ಅಮಿಗ್ಡಾಲದ ನರಕೋಶಗಳ ಕವಲುಗಳು ಬೆಳೆದಿದ್ದವು! ಕವಲುಗಳೆಂದರೆ ವಿದ್ಯುತ್ ಸಂದೇಶಗಳು ಬಂದು ಸೇರುವ ಕೈಗಳು. ಆದುದರಿಂದ ಭಯದಿಂದ ನೆನಪು ಗಟ್ಟಿಯಾಗುತ್ತದೆಂಬ ಮಾತು ಪೂರ್ತಿ ಸುಳ್ಳೂ ಅಲ್ಲ. ಭಯದ ನೆನಪು ಗಟ್ಟಿಯಾಗುತ್ತದೆ. ಫಲಕದ ಮೇಲೆ ಹೆಸರು ಬರೆಸಿಕೊಂಡ ಹುಡುಗನಿಗೆ ಆ ಫಲಕ ಅರವತ್ತು ವರ್ಷಕ್ಕೂ ನೆನಪಿರುತ್ತದೆ. ಅಂದು ಕಲಿಸಿದ ಸಮೀಕರಣವನ್ನು ಅವನಿಗೆ ಕೇಳಿ ನೋಡಿ.

ಸೂಟಿಗೆ ಮನೆಗೆ ಬಂದರೆ ಮಕ್ಕಳು ಸರಿಹೋಗುತ್ತಾರೆ ಎಂದು ಸಭೆಯಲ್ಲೊಬ್ಬ ಸಜ್ಜನರು ಸಮಾಧಾನ ಹೇಳಿದರು. ಅದನ್ನೂ ಅದೇ ಪ್ರಯೋಗಶಾಲೆಯವರು ನೋಡಿದ್ದಾರೆ. ಬಂಧನ ನಿಲ್ಲಿಸಿ 21 ದಿನ ಇಲಿಗಳನ್ನು ಅವುಗಳ ಪಾಡಿಗೆ ಬಿಟ್ಟಾಗ ಹಿಪ್ಪೊಕ್ಯಾಂಪಸ್ಸಿನ ಕವಲುಗಳು ಮತ್ತೆ ಚಿಗುರಿದವು. ಅಮಿಗ್ಡಾಲದ ಬೆಳವಣಿಗೆ ಮಾತ್ರ ಇಳಿಯಲಿಲ್ಲ, ಇಲಿಗಳ ಅಂಜಿಕೆಯೂ ಹೋಗಲಿಲ್ಲ. ಇದು 2004ರ ಫಲಿತಾಂಶ. 2013ರಲ್ಲಿ ಅವರೇ ಬದುಕಿರುವ ಇಲಿಗಳ ಮಿದುಳಿನಲ್ಲಿ ಇಲೆಕ್ಟ್ರೋಡುಗಳನ್ನಿಟ್ಟು ವಿದ್ಯುತ್ ತರಂಗಗಳನ್ನು ದಾಖಲಿಸಿದರು. ಒತ್ತಡದ ಬಳಿಕ ಅಮಿಗ್ಡಾಲದಿಂದ ಹಿಪ್ಪೊಕ್ಯಾಂಪಸ್ಸಿನ ಕಡೆಗೆ ಸಾಗುವ ಪ್ರಭಾವ ಬಲವಾಗಿತ್ತು. ಕೀರ್ದಿ ಬರೆಯುವ ಗುಮಾಸ್ತನ ಹಿಂದೆ ಅಂಜಿಕೆ ನಿಂತು ಕೈ ಹಿಡಿದು ಬರೆಸುತ್ತಿದೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಇಲಿಯ ಹತ್ತು ದಿನ ಮಗುವಿನ ಎಷ್ಟು ದಿನಕ್ಕೆ ಸಮ ಎಂಬ ಲೆಕ್ಕವನ್ನು ಯಾರೂ ಹಾಕಬಾರದು. ಅಂಥ ಪರಿವರ್ತನ ದರ ಇಲ್ಲ. ಮನುಷ್ಯರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಯುದ್ಧದಲ್ಲಿ ಬೆದರಿದ ಸೈನಿಕರ ಹಿಪ್ಪೊಕ್ಯಾಂಪಸ್ ಚಿಕ್ಕದಾಗಿದೆಯೆಂದು ಮೊದಲು ಎಲ್ಲರೂ ಯುದ್ಧವನ್ನೇ ದೂರಿದರು. 2002ರಲ್ಲಿ ಅವಳಿ ಸಹೋದರರನ್ನು ಪರೀಕ್ಷಿಸಿದಾಗ, ಯುದ್ಧಕ್ಕೆ ಹೋಗದ ಅವಳಿಯಲ್ಲಿಯೂ ಅದು ಚಿಕ್ಕದಾಗಿತ್ತು. ಅಂದರೆ ಕೆಲವರು ಹುಟ್ಟಿನಿಂದಲೇ ಒತ್ತಡವನ್ನು ತಾಳಲು ಕಡಿಮೆ ಬಂಡವಾಳದವರಿರಬಹುದು. ಇದು ಚಾಲಕರ ಪಕ್ಷಕ್ಕೆ ಬಲ ಕೊಡುತ್ತದೆಯೇ? ನನಗೆ ತೋರುವಂತೆ ಇಲ್ಲ. ಯಾವ ಮಗು ತಾಳುತ್ತದೆ, ಯಾವುದು ತಾಳದು ಎಂದು ಮೊದಲೇ ಹೇಳಲಾಗದಿದ್ದಾಗ ಎಲ್ಲರ ಮೇಲೂ ಒಂದೇ ಭಾರ ಹೇರುವವನ ಹೊಣೆ ಹೆಚ್ಚಾಗುತ್ತದೆ.

ಈಗ ನಾನು ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇದನ್ನು ಎತ್ತಿದ್ದಕ್ಕೆ ನಮ್ಮ ವಿದ್ಯಾವಂತ ತರುಣರು ನಕ್ಕಾರು. ಆ ಇಲಿಗಳ ಗತಿ ಏನಾಯಿತು? ಕವಲುಗಳನ್ನು ಎಣಿಸಬೇಕಾದರೆ ಮಿದುಳನ್ನು ಹೊರತೆಗೆದು ಬಣ್ಣ ಹಿಡಿಸಬೇಕು. ಆದುದರಿಂದ ಪ್ರಯೋಗ ಮುಗಿದೊಡನೆ ಇಲಿಯೂ ಮುಗಿಯುತ್ತದೆ. ಇಂಗ್ಲೀಷಿನ ವೈಜ್ಞಾನಿಕ ಪ್ರಬಂಧಗಳಲ್ಲಿ ಇದಕ್ಕೆ ‘ಕೊಂದೆವು’ ಎಂದು ಬರೆಯುವ ರೂಢಿ ಕಡಿಮೆ. ‘ಬಲಿ ಕೊಟ್ಟೆವು’ ಎಂದೇ ಬರೆಯುತ್ತಾರೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟುದಕ್ಕೇ ಯಶೋಧರನು ಜನ್ಮಜನ್ಮಾಂತರ ತೊಳಲಿದ ಕಥೆಯನ್ನು ಜನ್ನ ಕವಿಯಿಂದ ಕೇಳಿದ ನಾವು, ಆ ಶಬ್ದವನ್ನು ಓದಿ ಪುಟ ತಿರುವಿ ಮುಂದೆ ಹೋಗಬಹುದೇ?

ನಮ್ಮ ಆಚಾರ್ಯರು ಜೀವಗಳನ್ನು ಎಣಿಸುವಾಗ ಇಲಿಯನ್ನು ಪಂಚೇಂದ್ರಿಯ ಸಮನಸ್ಕ ಜೀವಗಳಲ್ಲಿ ಎಣಿಸಿದರು. ಅದಕ್ಕೆ ಮನಸ್ಸಿದೆ, ಹಿತಾಹಿತದ ಅರಿವಿದೆ, ಅಂಜಿಕೆಯಿದೆ. ವಿಜ್ಞಾನಿಯೂ ಬೇರೆ ಮಾತಿನಲ್ಲಿ ಅದನ್ನೇ ಹೇಳುತ್ತಾನೆ. ಇಲ್ಲದಿದ್ದರೆ ಅವನು ಇಲಿಯನ್ನು ಆರಿಸಿಕೊಳ್ಳುತ್ತಿರಲಿಲ್ಲ. ಇಲಿಯ ಭಯ ಮನುಷ್ಯನ ಭಯದಂಥದಲ್ಲವಾದರೆ ಪ್ರಯೋಗ ವ್ಯರ್ಥ. ಅಂಥದೇ ಆದರೆ ಪ್ರಯೋಗ ಹಿಂಸೆ. ಈ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಇದುವರೆಗೆ ನನಗೆ ಯಾರೂ ತೋರಿಸಿಲ್ಲ.

ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾತಿಗಳು ಹೇಳಿದ್ದಾರೆ. ಬಂಧವೆಂದರೆ ಕಟ್ಟಿಹಾಕುವುದು, ವಧವೆಂದರೆ ಹೊಡೆಯುವುದು, ಛೇದವೆಂದರೆ ಅಂಗವನ್ನು ಕೊಯ್ಯುವುದು, ಅತಿಭಾರಾರೋಪಣವೆಂದರೆ ತಾಳಲಾರದ ಹೊರೆ ಹೇರುವುದು, ಅನ್ನಪಾನನಿರೋಧವೆಂದರೆ ಆಹಾರ ನೀರು ತಡೆಯುವುದು. ಇವನ್ನು ನಾವು ಎತ್ತು ಕುದುರೆಗಳಿಗಾಗಿ ಹೇಳಿದ್ದೆಂದು ಪಾಠಶಾಲೆಯಲ್ಲಿ ಕಲಿತು ಮರೆತೆವು. ಬಂಧವನ್ನು ಮೊದಲಿಗೇ ಏಕೆ ಎಣಿಸಿದರು ಎಂದು ನಾನು ಬಾಲ್ಯದಲ್ಲಿ ಕೇಳಿದ್ದುಂಟು. ಕಟ್ಟುವುದರಿಂದ ನೋವೇನು, ಹೊಡೆತವಲ್ಲವೇ ದೊಡ್ಡದು ಎಂದು. ಬೆಂಗಳೂರಿನ ಆ ಪ್ರಬಂಧವನ್ನು ಓದಿದ ದಿನ ಆ ಹಳೆಯ ಪ್ರಶ್ನೆ ನೆನಪಾಯಿತು. ನಮ್ಮ ದೇಶದ ಕಾಯಿದೆಯೂ ಇದನ್ನು ಬಲ್ಲದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಹೊಡೆಯುವುದು, ಅತಿಭಾರ ಹೇರುವುದು, ಕಟ್ಟಿಹಾಕುವುದು, ಆಹಾರ ಕೊಡದಿರುವುದು ಇವೆಲ್ಲವನ್ನೂ ಕ್ರೌರ್ಯವೆಂದು ಹೆಸರಿಸುತ್ತದೆ. 14ನೆಯ ಕಲಮು ಶೋಧಕ್ಕಾಗಿ ಪ್ರಯೋಗ ಮಾಡುವುದು ಅಕ್ರಮವಲ್ಲವೆಂದು ಬಾಗಿಲು ತೆರೆಯುತ್ತದೆ. 1998ರ ನಿಯಮಗಳು ಆ ಬಾಗಿಲಿಗೊಬ್ಬ ಕಾವಲುಗಾರನನ್ನು ನಿಲ್ಲಿಸಿದವು. ಕಾವಲು ಇರುವುದು ಒಳ್ಳೆಯದೇ. ಬಾಗಿಲು ಮಾತ್ರ ತೆರೆದೇ ಇದೆ.

ಹಾಗಾದರೆ ಅಂಥ ಪ್ರಯೋಗದ ಫಲವನ್ನು ಈ ಲೇಖನದಲ್ಲಿ ನೀವೇ ಬಳಸಿಕೊಂಡಿರಲ್ಲ ಎಂದು ವಾಚಕರು ಕೇಳಬಹುದು. ಕೇಳಬೇಕು. ನಾನು ಆ ಪ್ರಯೋಗವನ್ನು ಮಾಡಿಸುತ್ತಿರಲಿಲ್ಲ, ಅದಕ್ಕೆ ಹಣವನ್ನೂ ಕೊಡುತ್ತಿರಲಿಲ್ಲ. ಅದನ್ನು ಮಾಡಿದವರು ದುಷ್ಟರೆಂದೂ ನಾನು ಹೇಳುವುದಿಲ್ಲ. ನಿಮ್ಹಾನ್ಸಿನ ಬಾಗಿಲಲ್ಲಿ ನಿಂತ ರೋಗಿಗಳ ಸಾಲನ್ನು ಕಂಡವನು ಹಾಗೆ ಹೇಳಲಾರ. ಆದರೆ ಬೆಲೆ ತೆತ್ತಾಗಿದೆ, ತೆತ್ತವನು ನಾವಲ್ಲ. ತೆತ್ತ ಮೇಲೆ ದೊರೆತ ತಿಳಿವನ್ನು ಕಡೆಗಣಿಸಿ ಅದೇ ಬಂಧವನ್ನು ನಮ್ಮ ಮಕ್ಕಳ ಮೇಲೆ ನಡೆಸುವುದು, ಅದಕ್ಕೆ ಬಸದಿಯ ನಿಧಿಯಿಂದ ಹಣ ಕೊಡುವುದು, ಆ ಮೂಕಜೀವಗಳ ಸಾವನ್ನು ಇನ್ನೊಮ್ಮೆ ವ್ಯರ್ಥಗೊಳಿಸಿದಂತೆ. ವೈದ್ಯಕೀಯ ಕಾಲೇಜುಗಳಿಗೆ ದೇಣಿಗೆ ಕೊಡುವ ನಮ್ಮ ಶ್ರೀಮಂತರು, ಹಣ ಇಂಥ ಪ್ರಯೋಗಕ್ಕೆ ಹೋಗಬಾರದೆಂದು ಒಂದು ಷರತ್ತು ಬರೆಸಿದ್ದನ್ನು ನಾನು ಕಂಡಿಲ್ಲ. ಬರೆಸಿದರೆ ಯಾರೂ ಬೇಡವೆನ್ನಲಾರರು.

ಮನುಷ್ಯರ ಒಪ್ಪಿಗೆ ಪಡೆದು ನಡೆಸಿದ ಪ್ರಯೋಗಗಳೂ ಇವೆ. ಅವು ನಮಗೆ ಹೆಚ್ಚು ಹತ್ತಿರದವು. 2000ದಲ್ಲಿ ಡಿ ಕೆರ್ವೆನ್ ಮತ್ತು ಸಂಗಡಿಗರು ಆರೋಗ್ಯವಂತರಾದ ಸ್ವಯಂಸೇವಕರಿಗೆ ಒಂದು ಶಬ್ದಪಟ್ಟಿ ಕಲಿಸಿದರು. ಮರುದಿನ ಪರೀಕ್ಷೆಗೆ ಒಂದು ಗಂಟೆ ಮೊದಲು 25 ಮಿಲಿಗ್ರಾಂ ಕಾರ್ಟಿಸೋನ್ ಗುಳಿಗೆ ಕೊಟ್ಟಾಗ, ಕಲಿತದ್ದನ್ನು ನೆನಪಿನಿಂದ ಹೊರತೆಗೆಯುವ ಶಕ್ತಿ ಕುಗ್ಗಿತು. ನನ್ನ ಮೊಮ್ಮಗಳ ಕಥೆ ಇದೇ. ಬೇರೊಂದು ಊರಿನ ವಸತಿಕೇಂದ್ರದಲ್ಲಿ ಎರಡು ವರ್ಷ ಇದ್ದು ಬಂದವಳು, ಪರೀಕ್ಷೆಯ ಹಿಂದಿನ ರಾತ್ರಿ ನನ್ನೆದುರು ಇಡೀ ಪುಸ್ತಕವನ್ನು ಒಪ್ಪಿಸಿದಳು. ಮರುದಿನ ಹಾಳೆ ಬಿಳಿಯಾಗಿಯೇ ಉಳಿಯಿತು. ‘ಅಜ್ಜಾ, ಗೊತ್ತಿತ್ತು, ಬರಲಿಲ್ಲ’ ಎಂದಳು. ಮನೆಯವರು ಅದನ್ನು ನೆಪವೆಂದರು. ನಾನೂ ಅಂದೆ. ಆ ಮಾತನ್ನು ಹಿಂತೆಗೆದುಕೊಳ್ಳಲು ನನಗೆ ಮೂರು ವರ್ಷ ಬೇಕಾಯಿತು.

‘ಸ್ವಲ್ಪ ಒತ್ತಡ ಬೇಕು, ಇಲ್ಲದಿದ್ದರೆ ಯಾರೂ ಓದಲಾರರು’ ಎಂಬುದು ಎದುರುಪಕ್ಷದ ಗಟ್ಟಿಯಾದ ವಾದ. ಅದರಲ್ಲಿ ಸತ್ಯವಿದೆ, ಮೇಲೆ ಹೇಳಿದ ಮೊದಲನೆಯ ಗ್ರಾಹಕದ ಕಥೆ ಅದೇ. ಆದರೆ ಪ್ರಮಾಣವೊಂದೇ ಇಲ್ಲಿ ಮುಖ್ಯವಲ್ಲ. 1989ರಲ್ಲಿ ಟ್ರೇಸಿ ಶೋರ್ಸ್ ಮತ್ತು ಸಂಗಡಿಗರು ಇಲಿಗಳಿಗೆ ವಿದ್ಯುದಾಘಾತ ಕೊಟ್ಟರು. ಒಂದು ಇಲಿಗೆ ಅದನ್ನು ತಾನೇ ನಿಲ್ಲಿಸುವ ಉಪಾಯವಿತ್ತು. ಇನ್ನೊಂದಕ್ಕೆ ಆಘಾತ ಅಷ್ಟೇ, ಅದೇ ಹೊತ್ತು, ಆದರೆ ಉಪಾಯವಿರಲಿಲ್ಲ. ಹಿಪ್ಪೊಕ್ಯಾಂಪಸ್ಸಿನ ಸಂಧಿ ಬಲಗೊಳ್ಳುವ ಶಕ್ತಿ ಈ ಎರಡನೆಯದರಲ್ಲಿಯೇ ಹೆಚ್ಚು ಕೆಟ್ಟಿತು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸವಿದ್ದವರನ್ನು ನಾವು ಮೆರವಣಿಗೆಯಲ್ಲಿ ಕರೆತಂದು ಪಾರಣೆ ಮಾಡಿಸುತ್ತೇವೆ. ಇನ್ನೊಬ್ಬನಿಗೆ ಒಂದು ಹೊತ್ತು ಅನ್ನ ತಡೆದರೂ ಅದು ಅತಿಚಾರ. ಹಸಿವು ಎರಡರಲ್ಲೂ ಹಸಿವೇ. ಮಗು ತಾನಾಗಿ ನಾಲ್ಕೂವರೆಗೆ ಎದ್ದು ಓದಿದರೆ ನಾನು ಅದರ ತಲೆ ನೇವರಿಸುತ್ತೇನೆ. ಘಂಟೆ ಹೊಡೆದು, ಬಾಗಿಲಿಗೆ ಕೀಲಿ ಹಾಕಿ, ಮನೆಗೆ ಫೋನು ತಪ್ಪಿಸಿ ಎಬ್ಬಿಸಿದರೆ ಅದು ತಪಸ್ಸಲ್ಲ. (ಸಾಮಾಯಿಕದಿಂದ ಕಾರ್ಟಿಸಾಲ್ ಇಳಿಯುತ್ತದೆಂದು ಕರಪತ್ರ ಅಚ್ಚು ಹಾಕಿಸುವ ಉತ್ಸಾಹಿಗಳಿಗೂ ಒಂದು ಮಾತು: ಸಾಮಾಯಿಕಕ್ಕೆ ಪ್ರಯೋಗಶಾಲೆಯ ಪ್ರಮಾಣಪತ್ರವನ್ನು ಯಾರು ಬೇಡಿದ್ದಾರೆ?)

ಚಾಲಕರೊಬ್ಬರನ್ನೇ ದೂರುವುದು ನ್ಯಾಯವಲ್ಲ. ತಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿ ಬೆಳೆಗಾರರೊಡನೆ ವ್ಯವಹಾರ ಮಾಡಿದವನು ನಾನು. ಬರದ ವರ್ಷ ಟ್ಯಾಂಕರಿನ ನೀರು ಕೊಂಡು ಬಳ್ಳಿ ಉಳಿಸಿಕೊಂಡು, ಒಣದ್ರಾಕ್ಷಿ ಶೆಡ್ಡಿನಲ್ಲಿ ಮಣಿ ಹರವಿದಾಗ ಅಕಾಲದ ಮೋಡ ಕವಿದರೆ ಆ ಮನೆಯ ಯಜಮಾನನ ಮುಖ ಹೇಗಿರುತ್ತದೆಂದು ಬಲ್ಲೆ. ಮೋಡ ಅವನ ಕೈಯಲ್ಲಿಲ್ಲ, ದರ ಅವನ ಕೈಯಲ್ಲಿಲ್ಲ. ಅದೇ ವಾರ ಬಾಗಿಲಿಗೆ ತಗಾದೆಗೆ ಆಳು ಕಳಿಸಿದ ಅಂಗಡಿಗಳಲ್ಲಿ ನಮ್ಮದೂ ಒಂದು. ಅತಿಭಾರಾರೋಪಣ ಎತ್ತಿನ ಗಾಡಿಗೆ ಮಾತ್ರ ಸಂಬಂಧಿಸಿದ್ದೆಂದು ಆಗ ನಾನೂ ತಿಳಿದಿದ್ದೆ. ಅಂಥ ಮನೆಯ ತಂದೆಯೇ ಸಾಲ ಮಾಡಿ ಮಗನನ್ನು ಇಂಥ ಕೇಂದ್ರಕ್ಕೆ ಸೇರಿಸುತ್ತಾನೆ. ಮಗನ ಬೆನ್ನಿನ ಮೇಲೆ ಪುಸ್ತಕದ ಜೊತೆಗೆ ಆ ಸಾಲವೂ ಕೂಡುತ್ತದೆ.

ಕಾನೂನು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಮಂತ್ರಾಲಯ ಹೊರಡಿಸಿದ ಮಾರ್ಗಸೂಚಿ, 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳಿಗೆ ಸೇರಿಸಿಕೊಳ್ಳಕೂಡದೆಂದಿತು. ನಮ್ಮ ಮುಂದೆ ಓದಿದ ದಿನಚರಿ ಎಂಟನೆಯ ಇಯತ್ತೆಯ ಮಕ್ಕಳದು. ಅದನ್ನು ಕೇಳುತ್ತ ಯಾರೂ ವಯಸ್ಸಿನ ಮಾತೆತ್ತಲಿಲ್ಲ.

ಬರುವ ತಿಂಗಳು ಟ್ರಸ್ಟಿನ ಸಭೆ ಇದೆ. ಠರಾವು ಮತ್ತೆ ಮೇಜಿನ ಮೇಲೆ ಬರುತ್ತದೆ. ಮಕ್ಕಳಿಗೆ ರಾತ್ರಿ ಎಷ್ಟು ತಾಸು ನಿದ್ದೆ, ಆ ಫಲಕ ಗೋಡೆಯ ಮೇಲಿಂದ ಇಳಿದಿದೆಯೇ, ಮಗು ತಾನೇ ಬಯಸಿದಾಗ ತಾಯಿಗೆ ಫೋನು ಮಾಡಬಹುದೇ, ಸಾಲದೆಂದು ಕಂಡಾಗ ಹಣ ಮುಳುಗದೆ ಮನೆಗೆ ಮರಳಬಹುದೇ ಎಂದು ನಾನು ಲಿಖಿತವಾಗಿ ಕೇಳಿದ್ದೇನೆ. ಉತ್ತರ ಬರುವವರೆಗೆ ಆ ಕಾಗದದ ಮೇಲೆ ನನ್ನ ರುಜು ಬೀಳದು. ಉಳಿದ ಧರ್ಮದರ್ಶಿಗಳು ಏನು ಮಾಡುತ್ತಾರೆಂಬುದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಹೆಸರು ಸಹಿತ ಬರೆಯಿಸಲು ಕಾರ್ಯದರ್ಶಿಗಳನ್ನು ಈಗಾಗಲೇ ಕೋರಿದ್ದೇನೆ.